ಮುಂಬಯಿ ಮನೆಯ ಕನ್ನಡ ಪುಸ್ತಕಗಳು: ಯಾವುದು ಇರಲಿ, ಯಾವುದು ಹೋಗಲಿ

ಮುಂಬಯಿಯಲ್ಲಿ ಪುಸ್ತಕಗಳ ಲೆಕ್ಕ ನೆನಪಾಗುವುದೇ ಮನೆ ಖಾಲಿ ಮಾಡುವಾಗ. ಮಾಟುಂಗಾ, ಚೆಂಬೂರು, ಡೊಂಬಿವಲಿ, ಎಲ್ಲಿ ನೋಡಿದರೂ ಹಳೇ ಬಿಲ್ಡಿಂಗುಗಳು ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಗುತ್ತಿವೆ. ಬಿಲ್ಡರ್ ಬಾಡಿಗೆ ಕೊಡುತ್ತಾನೆ, ಟೆಂಪೊ ಖರ್ಚು ಕೊಡುತ್ತಾನೆ, ಮೂರು ವರ್ಷ ಅನ್ನುತ್ತಾನೆ (ಅದು ಐದಾಗುತ್ತದೆ, ಬಿಡಿ). ಸಾಮಾನು ಕಟ್ಟುವ ಹೊತ್ತಿಗೆ ಅಟ್ಟದಿಂದ, ದಿವಾನದ ಒಳಗಿಂದ, ಬಾಗಿಲ ಹಿಂದಿನ ಕಪಾಟಿನಿಂದ ಪುಸ್ತಕಗಳು ಇಳಿಯುತ್ತಲೇ ಹೋಗುತ್ತವೆ. ಆಗ ಮನೆಯವರಿಗೆಲ್ಲ ಅವಸರ. ಆ ಅವಸರದಲ್ಲಿ ಲಾಭ ರದ್ದಿವಾಲಾನಿಗೆ ಮಾತ್ರ.

ಅದಕ್ಕೇ ಈ ಕೆಲಸ ಮೊದಲೇ ಮಾಡಿಕೊಳ್ಳಿ. ಊರು ಬಿಟ್ಟು ಬಂದು ಇಲ್ಲಿ ನೆಲೆಸಿದ ಮನೆಗಳಿಗಂತೂ ಇದು ಜಾಸ್ತಿ ಅಗತ್ಯ. ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ತುಳು ಮಾತಾಡುತ್ತಾರೆ, ಕೊಂಕಣಿ ಮಾತಾಡುತ್ತಾರೆ. ಆದರೆ ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ ಕಲಿತವರು, ಕನ್ನಡ ಅಕ್ಷರ ಓದಲು ಹೆಚ್ಚಿನವರಿಗೆ ಬರುವುದಿಲ್ಲ. ನಾಳೆ ಆ ಕಪಾಟಿನ ಮುಂದೆ ಅವರು ನಿಂತರೆ ಯಾವುದು ಹಳೇ ಪಂಚಾಂಗ, ಯಾವುದು ಎಲ್ಲೂ ಸಿಗದ ಪುಸ್ತಕ ಅಂತ ಹೇಗೆ ಗೊತ್ತಾಗಬೇಕು? ಅವರ ತಪ್ಪಲ್ಲ. ವಿಂಗಡಿಸುವ ಕೆಲಸ ಓದಿದವರದ್ದೇ, ಅದೂ ಸೊಂಟ ಬಗ್ಗುವಾಗಲೇ.

ಪ್ರತಿ ಪುಸ್ತಕ ಕೈಗೆತ್ತಿಕೊಂಡಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಇನ್ನು ಮುಂದೆ ಬಿಡಿಸಿ ಓದುವವರು ಯಾರು? ನಾನೇ ಅಂತ ಧೈರ್ಯವಾಗಿ ಅನ್ನಿಸಿದರೆ ಇರಲಿ. ಬೇರೆ ಯಾರದಾದರೂ ಹೆಸರು ಹೊಳೆದರೆ ಅವರಿಗೆ. ಒಳ್ಳೆಯ ಪುಸ್ತಕ, ದೊಡ್ಡ ಲೇಖಕರು, ಅಂದು ಎಂಟು ರೂಪಾಯಿ ಕೊಟ್ಟು ತಂದದ್ದು, ಇವೆಲ್ಲ ಸರಿ, ಆದರೆ ಇವು ಯಾವುವೂ ಆ ಪ್ರಶ್ನೆಗೆ ಉತ್ತರ ಅಲ್ಲ.

ಮಳೆಗಾಲದಲ್ಲಿ ಶುರು ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಾಗದವೆಲ್ಲ ತೇವ ಹೀರಿಕೊಂಡಿರುತ್ತದೆ, ರಟ್ಟಿನ ಪೆಟ್ಟಿಗೆ ಮೆತ್ತಗಾಗಿರುತ್ತದೆ, ಬೂಷ್ಟು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ನವರಾತ್ರಿಯಲ್ಲಿ ಪುಸ್ತಕ ಪೂಜೆಗೆ ಇಟ್ಟಿರುತ್ತೀರಿ, ಆಗ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ದೀಪಾವಳಿ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ, ಗಾಳಿ ಒಣಗಿರುವಾಗ ಮಾಡಿ.

ಎಲ್ಲಾ ಒಟ್ಟಿಗೆ ಇಳಿಸಿದರೆ ರಾತ್ರಿ ಮಲಗಲು ಜಾಗ ಇರುವುದಿಲ್ಲ. ಒಂದು ಸಲಕ್ಕೆ ಒಂದು ಹಲಗೆ ಸಾಕು. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಮೂಗಿಗೆ ಮಾಸ್ಕ್ ಹಾಕಿ, ಒಣ ಬಟ್ಟೆ ಹಿಡಿದು ಕೂರಿ. ಪ್ರತಿ ಪುಸ್ತಕವನ್ನೂ ತಲೆಕೆಳಗು ಹಿಡಿದು ಮೆಲ್ಲಗೆ ಒದರಿ. ಕಾಗದ, ಫೋಟೊ, ಎಲ್‌ಐಸಿ ರಸೀದಿ, ಮದುವೆ ಕರೆಯೋಲೆ, ಕೆಲವು ಮನೆಗಳಲ್ಲಿ ಷೇರು ಸರ್ಟಿಫಿಕೇಟು ಕೂಡ, ಏನೇನೋ ಬೀಳುತ್ತವೆ. ಮೊದಲ ಹಾಳೆಯ ಮೇಲೆ ಯಾರಾದರೂ ಪ್ರೀತಿಯಿಂದ ಬರೆದು ಕೊಟ್ಟಿದ್ದರೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಎಷ್ಟೋ ಸಲ ನಮಗೆ ಬೇಕಾಗಿರುವುದು ಆ ನಾಲ್ಕು ಸಾಲು ಮಾತ್ರ, ಪುಸ್ತಕ ಅಲ್ಲ. ಮತ್ತೆ, ಓದುತ್ತಾ ಕೂರಬೇಡಿ. ಓದಲು ಶುರು ಮಾಡಿದರೆ ಅವತ್ತಿನ ಕೆಲಸ ಮುಗೀತು ಅಂತಲೇ ಲೆಕ್ಕ.

ಈಗ ಯಾವುದು ಅಪರೂಪದ್ದು ಅನ್ನುವ ವಿಷಯ. ಇಲ್ಲಿ ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಹೆಸರುವಾಸಿ ಕಾದಂಬರಿಗಳನ್ನು ಜೋಪಾನವಾಗಿ ಎತ್ತಿಟ್ಟು, ತೆಳ್ಳಗಿನ, ರಟ್ಟಿಲ್ಲದ, ಸ್ಟೇಪ್ಲರ್ ಪಿನ್ ತುಕ್ಕು ಹಿಡಿದ ಪುಸ್ತಿಕೆಗಳನ್ನು ರದ್ದಿಗೆ ಹಾಕುತ್ತಾರೆ. ಹೆಸರುವಾಸಿ ಕಾದಂಬರಿ ಮತ್ತೆ ಮತ್ತೆ ಅಚ್ಚಾಗುತ್ತದೆ, ಬೆಂಗಳೂರಿನ ಯಾವುದೇ ಅಂಗಡಿಯಿಂದ ತರಿಸಬಹುದು. ಮತ್ತೆ ಅಚ್ಚಾಗದೇ ಇರುವುದು ಈ ಪುಸ್ತಿಕೆಗಳು: ಇಲ್ಲಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು, ರಾತ್ರಿ ಶಾಲೆಗಳ ವಾರ್ಷಿಕ ಸಂಚಿಕೆ, ಯಕ್ಷಗಾನ ಪ್ರಸಂಗದ ಪುಸ್ತಕ, ನಾಟಕದ ಕರಪತ್ರ, ಯಾರೋ ತಮ್ಮ ಊರಿನ ಬಗ್ಗೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಇತಿಹಾಸ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದ ಹುಡುಗರ ಹೆಸರು, ಫೋಟೊ ಬೇರೆ ಯಾವ ಗ್ರಂಥಾಲಯದಲ್ಲಿ ಸಿಗುತ್ತದೆ ಹೇಳಿ? ಆ ಸಂಚಿಕೆಗಳ ಜಾಹೀರಾತಿನ ಪುಟಗಳನ್ನು ನೋಡಿದರೆ ಫೋರ್ಟ್, ದಾದರ್, ಮಾಟುಂಗಾದಲ್ಲಿ ಯಾವ ಕಾಲಕ್ಕೆ ಯಾವ ಉಡುಪಿ ಹೋಟೆಲು ಇತ್ತು ಅಂತ ಗೊತ್ತಾಗುತ್ತದೆ. ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವವರಿಗೆ ನಿಮ್ಮ ಹತ್ತು ಕಾದಂಬರಿಗಿಂತ ಇದೊಂದು ಸಂಚಿಕೆ ಜಾಸ್ತಿ ಬೇಕು. ಇವನ್ನೆಲ್ಲ ಬೇರೆಯೇ ಒಂದು ಪೆಟ್ಟಿಗೆಗೆ ಹಾಕಿ.

ದಪ್ಪ ಪುಸ್ತಕಗಳಲ್ಲಿ ಅಪರೂಪದ್ದು ಕಂಡುಹಿಡಿಯಲು ಮುಖಪುಟದ ನಂತರ ಹೆಸರಿರುವ ಹಾಳೆಯ ಹಿಂಬದಿ ನೋಡಿ. ಕನ್ನಡ ಪುಸ್ತಕಗಳಲ್ಲಿ ಅಲ್ಲಿ ಮೊದಲ ಮುದ್ರಣದ ವರ್ಷ, ಬೆಲೆ, ಎಷ್ಟೋ ಸಲ ಪ್ರತಿಗಳ ಸಂಖ್ಯೆಯೂ ಇರುತ್ತದೆ. ಐನೂರೋ ಸಾವಿರವೋ ಪ್ರತಿ ಅಚ್ಚಾಗಿ, ಆಮೇಲೆ ಮರುಮುದ್ರಣ ಕಾಣದ, ಪ್ರಕಾಶಕರೂ ಮುಚ್ಚಿಹೋದ ಪುಸ್ತಕವಾದರೆ ತಡೆದು ಯೋಚಿಸಿ.

ಯೋಚಿಸುವ ಮೊದಲು ಇಂಟರ್ನೆಟ್ ಆರ್ಕೈವ್‌ನಲ್ಲಿ (archive.org, ಪುಕ್ಕಟೆ ಓದಬಹುದಾದ ಆನ್‌ಲೈನ್ ಗ್ರಂಥಾಲಯ) ಹುಡುಕಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಹಳೇ ಕನ್ನಡ ಪುಸ್ತಕಗಳು ಅಲ್ಲಿ ಸಾಕಷ್ಟಿವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದ ಹಾಗೆ ಬರೆದಿದ್ದಾರೆ, ಹಾಗಾಗಿ ನಾಲ್ಕು ಥರ ಸ್ಪೆಲ್ಲಿಂಗ್ ಹಾಕಿ ನೋಡಬೇಕು. 1894ರ ಕಿಟ್ಟೆಲ್ ನಿಘಂಟು ಕೂಡ ಸಿಗುತ್ತದೆ. ಇದ್ದರೆ ನಿಮ್ಮ ಪ್ರತಿ ಬಿಡಲು ಮನಸ್ಸು ಹಗುರಾಗುತ್ತದೆ. ಇಲ್ಲದಿದ್ದರೆ ನೀವೇ ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚಬಹುದಾ? ಹಕ್ಕುಸ್ವಾಮ್ಯ ಮುಗಿದಿದ್ದರೆ ಮಾತ್ರ. ನಮ್ಮ ದೇಶದಲ್ಲಿ ಅದು ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಬಿ.ಎಂ.ಶ್ರೀ ಹೋದದ್ದು 1946ರಲ್ಲಿ, ಅವರು ಬರೆದದ್ದಕ್ಕೆ ತೊಂದರೆ ಇಲ್ಲ. ಬೇಂದ್ರೆ ಇದೇ ಮುಂಬಯಿಯಲ್ಲಿ 1981ರಲ್ಲಿ ತೀರಿಕೊಂಡರು, ಅವರ ಪುಸ್ತಕಗಳಿಗೆ 2041 ಮುಗಿಯಬೇಕು.

ಕೊಡುವ ಮೊದಲು ಪುಸ್ತಕದ ಆರೋಗ್ಯ ನೋಡಿ. ಹಾಳೆಯ ಮೂಲೆ ಒಮ್ಮೆ ಮಡಿಸಿ ಬಿಡಿಸಿದಾಗ ಅಪ್ಪಳದ ಥರ ಮುರಿದರೆ ಅದನ್ನು ಯಾರಿಗೂ ಓದಲು ಕೊಡುವಂತಿಲ್ಲ. ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ, ಎಷ್ಟು ಜೋಪಾನ ಮಾಡಿದರೂ ಅದು ಒಳಗಿನಿಂದಲೇ ಕಂದಿ ಪುಡಿಯಾಗುತ್ತದೆ. ಬೆಳ್ಳಿ ಬಣ್ಣದ ಸಣ್ಣ ಹುಳ ಓಡಾಡುತ್ತಿದ್ದರೆ ಅದು ಸಿಲ್ವರ್‌ಫಿಶ್, ಅದಕ್ಕೆ ಬೈಂಡಿಂಗಿನ ಗೋಂದು ಅಂದರೆ ಬಲು ಇಷ್ಟ. ಅಂಥ ಪುಸ್ತಕವನ್ನು ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ನೀರು ಕೂರುತ್ತದೆ. ಮನೆಯವರು ಬಟಾಣಿ ಪಕ್ಕ ಪುಸ್ತಕ ನೋಡಿ ಬೈಯಬಹುದು, ಬೈಯಲಿ. ಬೂಷ್ಟು ಜೋರಾಗಿ ಹಿಡಿದದ್ದನ್ನು ಮಾತ್ರ ದಾನ ಮಾಡಬೇಡಿ, ಹೋದ ಕಡೆಯಲ್ಲಿ ಇಡೀ ಕಪಾಟು ಕೆಡಿಸುತ್ತದೆ.

ಇನ್ನು ಯಾರಿಗೆ ಕೊಡುವುದು. ಮೊದಲು ಜನ, ಆಮೇಲೆ ಸಂಸ್ಥೆ. ಪುಸ್ತಕಗಳ ಬೆನ್ನು ಕಾಣುವ ಹಾಗೆ ಸಾಲಾಗಿ ಜೋಡಿಸಿ, ಹೆಸರು ಓದುವಷ್ಟು ಹತ್ತಿರದಿಂದ ಫೋಟೊ ತೆಗೆದು ನಿಮ್ಮ ವಾಟ್ಸಾಪ್ ಗುಂಪುಗಳಿಗೆ ಹಾಕಿ. ಬೇಕಾದವರು ಹೆಸರು ಹೇಳಿ, ಮುಂದಿನ ಭಾನುವಾರದೊಳಗೆ ಬಂದು ತೆಗೆದುಕೊಂಡು ಹೋಗಿ ಅಂತ ಬರೆಯಿರಿ. ಗಡುವು ಹಾಕದಿದ್ದರೆ ಎಲ್ಲರೂ ನಮಸ್ಕಾರದ ಚಿತ್ರ ಕಳಿಸುತ್ತಾರೆ, ಯಾರೂ ಬರುವುದಿಲ್ಲ.

ಸಂಸ್ಥೆ ಅಂದರೆ ಮಾಟುಂಗಾದಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಷನ್ ಇದೆ, ಮಾಟುಂಗಾ ಪಶ್ಚಿಮದಲ್ಲಿ ಕರ್ನಾಟಕ ಸಂಘ ಇದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ, ನಿಮ್ಮ ಉಪನಗರದಲ್ಲೇ ಸಣ್ಣ ಕನ್ನಡ ಸಂಘ ಇರಬಹುದು. ಎಲ್ಲಿಗೇ ಆಗಲಿ, ಗೋಣಿಚೀಲ ಹೊತ್ತುಕೊಂಡು ಸೀದಾ ಹೋಗಬೇಡಿ. ಮೊದಲು ಪಟ್ಟಿ ಕಳಿಸಿ: ಪುಸ್ತಕ, ಲೇಖಕರು, ಪ್ರಕಾಶಕರು, ವರ್ಷ, ಹೇಗಿದೆ. ಅವರಿಗೂ ಜಾಗದ ತಾಪತ್ರಯ, ಬರುವವರೆಲ್ಲ ತರುವುದು ಅದೇ ಹತ್ತು ಕಾದಂಬರಿ. ಬೇಡ ಅಂದರೆ ಮುನಿಸಿಕೊಳ್ಳಬೇಡಿ. ತಂದೆಯವರ ಹೆಸರಿನಲ್ಲಿ ಬೇರೆ ಕಪಾಟು ಬೇಕು ಅಂತಿದ್ದರೆ ಕಪಾಟಿನ ದುಡ್ಡನ್ನೂ ನೀವೇ ಕೊಡಿ, ಅದು ನ್ಯಾಯ. ಮೇಲೆ ಹೇಳಿದ ಸ್ಮರಣ ಸಂಚಿಕೆಗಳ ಪೆಟ್ಟಿಗೆ ಇದೆಯಲ್ಲ, ಅದನ್ನು ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಮೊದಲು ಕೇಳಿ ನೋಡಿ.

ಊರಿನ ಶಾಲೆಗೋ ಲೈಬ್ರರಿಗೋ ಕಳಿಸುವುದಾದರೆ ಅಂಚೆ ಈಗ ಪರವಾಗಿಲ್ಲ. ಹಳೇ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು, ಅದರ ಬದಲು 2025ರ ಮೇ 1ರಿಂದ ಜ್ಞಾನ ಪೋಸ್ಟ್ ಶುರುವಾಯಿತು. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಸಾಧಾರಣ ಗಾತ್ರದ ಹದಿನೈದು ಇಪ್ಪತ್ತು ಪುಸ್ತಕ ಒಂದು ಪೊಟ್ಟಣದಲ್ಲಿ ಹೋಗುತ್ತವೆ. ವಾರಪತ್ರಿಕೆ, ಮಾಸಪತ್ರಿಕೆಗೆ ಇದು ನಡೆಯುವುದಿಲ್ಲ. ಜಾಸ್ತಿ ಇದ್ದರೆ ಹುಬ್ಬಳ್ಳಿ, ಮಂಗಳೂರು ಬಸ್ಸಿನ ಪಾರ್ಸೆಲ್ ನೋಡಿ. ಪೆಟ್ಟಿಗೆ ಸಣ್ಣದೇ ಇರಲಿ, ಹದಿನೈದು ಕಿಲೋ ದಾಟಿದರೆ ತಳ ಕಿತ್ತು ಬರುತ್ತದೆ.

ಮಾರಾಟದ ಆಸೆ ಇಟ್ಟುಕೊಳ್ಳಬೇಡಿ. ಹಳೇ ಪುಸ್ತಕ ಮಾರುವ ಕಿಂಗ್ಸ್ ಸರ್ಕಲ್ ಫುಟ್‌ಪಾತಿನವರಿಗೆ, ಫ್ಲೋರಾ ಫೌಂಟನ್ ಕಡೆಯವರಿಗೆ ಇಂಗ್ಲಿಷ್ ಕಾದಂಬರಿ, ಪರೀಕ್ಷೆ ಪುಸ್ತಕ ಬೇಕು. ಪುಣೆಯ ಅಪ್ಪಾ ಬಳವಂತ ಚೌಕದಲ್ಲೂ ಮರಾಠಿ ಮತ್ತು ಪಠ್ಯಪುಸ್ತಕದ ವ್ಯಾಪಾರವೇ. ಹಳೇ ಕನ್ನಡ ಪುಸ್ತಕ ಕೊಳ್ಳುವವರು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕಾರು, ಆದರೆ ಸಾಗಿಸುವ ಖರ್ಚೇ ಬಂದ ದುಡ್ಡು ತಿಂದುಹಾಕುತ್ತದೆ.

ಉಳಿದದ್ದು ರದ್ದಿಗೆ. ಹಳೇ ಗೈಡು, ಹಳೇ ತೆರಿಗೆ ಪುಸ್ತಕ, ಕಾಲ ಮುಗಿದ ಕಂಪ್ಯೂಟರ್ ಪುಸ್ತಕ, ಪುಡಿಯಾದದ್ದು, ಬೂಷ್ಟು ಹಿಡಿದದ್ದು. ಸರಸ್ವತಿ ಅಂತ ಕೆಲವರಿಗೆ ಕೈ ನಡುಗುತ್ತದೆ, ಅರ್ಥವಾಗುತ್ತದೆ. ಆದರೆ ಹುಳಕ್ಕೆ ತಿನ್ನಲು ಬಿಡುವುದು ಯಾವ ಭಕ್ತಿ? ರದ್ದಿಗೆ ಹೋದ ಕಾಗದ ಮತ್ತೆ ಕಾಗದವಾಗುತ್ತದೆ. ಹರಿದ ಸ್ತೋತ್ರದ ಪುಸ್ತಕಗಳನ್ನು ಖಾಡಿಯ (ಸಮುದ್ರದ ಹಿನ್ನೀರಿನ) ನೀರಿಗೆ ಬಿಡುವುದಕ್ಕಿಂತ ಬೇರೆ ಕಟ್ಟು ಕಟ್ಟಿ ಇದೇ ರದ್ದಿಗೆ ಕೊಡುವುದು ಮೇಲು.

ಮನೆಯ ಹಿರಿಯರ ಪುಸ್ತಕವಾದರೆ ಅವರಿಲ್ಲದಾಗ ಕೈ ಹಾಕಬೇಡಿ. ಜಾಗ ಇಲ್ಲ ಅಂತ ಶುರು ಮಾಡಿದರೆ ಜಗಳವೇ. ಅಪ್ಪ, ಇದು ಎಲ್ಲಿಂದ ತಂದಿರಿ ಅಂತ ಕೇಳಿ, ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಕಥೆ ಹೇಳಿ ಮುಗಿಸಿದ ಮೇಲೆ ಇದನ್ನು ಇಂಥವನಿಗೆ ಕೊಡು ಅಂತ ಎಷ್ಟೋ ಸಲ ಅವರೇ ಹೇಳುತ್ತಾರೆ. ಹಿರಿಯರು ಹೋದ ಮನೆಯಾದರೆ ಹದಿಮೂರನೇ ದಿನ ಮುಗಿಯಿತು ಅಂತ ಮರುದಿನವೇ ಕಪಾಟು ಖಾಲಿ ಮಾಡಬೇಡಿ. ಆರು ತಿಂಗಳು ಬಿಟ್ಟು ನೋಡಿ.

ಇಟ್ಟುಕೊಂಡದ್ದನ್ನು ಸರಿಯಾಗಿ ಇಡಿ. ಬಾತ್‌ರೂಮಿನ ಗೋಡೆಗೆ, ಮಳೆ ಹೊಡೆಯುವ ಹೊರಗೋಡೆಗೆ ತಾಗಿಸಬೇಡಿ, ಹಿಂದೆ ಎರಡು ಬೆರಳು ಜಾಗ ಇರಲಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ತೇವ ಒಳಗೇ ಉಳಿಯುತ್ತದೆ. ಒಂದು ಅಡಿ ಸಾಲು ಪುಸ್ತಕ ಸುಮಾರು ಹತ್ತು ಕಿಲೋ ತೂಗುತ್ತದೆ, ಮೂರು ಅಡಿ ಹಲಗೆಗೆ ನಡುವೆ ಆಧಾರ ಬೇಕೇ ಬೇಕು. ನೆಲಮಹಡಿಯವರು ಕೆಳಗಿನ ಹಲಗೆ ಖಾಲಿ ಬಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದು ನೆನಪಿದೆ ಅಲ್ವಾ?

ಕೊನೆಯದಾಗಿ ಒಂದು ಸಣ್ಣ ಕೆಲಸ, ಬಿಡಬೇಡಿ. ಉಳಿಸಿಕೊಂಡ ಪ್ರತಿ ಪುಸ್ತಕದ ಒಳಗೂ ಒಂದು ಚೀಟಿ ಇಡಿ, ನಿಮ್ಮ ಮಕ್ಕಳಿಗೆ ಓದಲು ಬರುವ ಅಕ್ಷರದಲ್ಲಿ, ಇಂಗ್ಲಿಷೋ ಮರಾಠಿಯೋ. ಇದು ಏನು, ಯಾರು ಬರೆದದ್ದು, ಬೇಡವಾದ ದಿನ ಯಾರಿಗೆ ಕೊಡಬೇಕು, ಅಷ್ಟೇ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಮಳೆಗಾಲದಲ್ಲಿ ಹಾಳೆಗೆ ಇಳಿಯುತ್ತದೆ. ಕೊಡಬೇಕಾದವರ ಫೋನ್ ನಂಬರನ್ನೂ ಅದರಲ್ಲೇ ಬರೆದಿಡಿ.