ಮಕ್ಕಳ ತೀವ್ರ ಅಲರ್ಜಿ: ಮೊದಲು ಅಡ್ರಿನಲಿನ್, ಅದೂ ತೊಡೆಗೆ

ಮೈತುಂಬ ಪಿತ್ತಗಂಧೆ ಎದ್ದಿದ್ದರೂ ಮಗು ಆಡಿಕೊಂಡಿದ್ದರೆ ಅಲರ್ಜಿ ತಗ್ಗಿಸುವ ಸೆಟ್ರಿಜಿನ್ ಸಿರಪ್ ಕೊಟ್ಟು ಕೂರಿಸಿ ನೋಡುತ್ತೇನೆ. ಗಂಧೆಯ ಜೊತೆ ಉಬ್ಬಸ, ಬಿಡದ ಕೆಮ್ಮು, ಒಡೆದ ದನಿ, ಮೇಲಿಂದ ಮೇಲೆ ವಾಂತಿ, ಮಂಕು ಇವುಗಳಲ್ಲಿ ಒಂದು ಸೇರಿದರೂ ಅದನ್ನು ಅನಾಫಿಲಾಕ್ಸಿಸ್ (ಜೀವಕ್ಕೆ ಕುತ್ತಾಗುವ ತೀವ್ರ ಅಲರ್ಜಿ) ಎಂದೇ ಹಿಡಿಯುತ್ತೇನೆ. ಚರ್ಮದಲ್ಲಿ ಏನೂ ಕಾಣದಿರುವುದೂ ಉಂಟು. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಡ್ರಿಪ್‌ನಲ್ಲಿ ಹೋಗುತ್ತಿರುವಾಗಲೇ ಮಗು ಕುಸಿದರೆ ಮೊದಲು ಡ್ರಿಪ್ ನಿಲ್ಲಿಸಬೇಕು, ದದ್ದು ಹುಡುಕುತ್ತ ಕೂರಬಾರದು. ಹಸುಗೂಸಾದರೆ ಅಳುವ ದನಿ ಬದಲಾಗಿದೆಯೇ ಎಂದು ತಾಯಿಯನ್ನೇ ಕೇಳುತ್ತೇನೆ. ಬಿಪಿ ಬೀಳಲೆಂದು ಕಾಯುವುದು ಅಪಾಯ. ಮಕ್ಕಳಲ್ಲಿ ಅದು ತಡವಾಗಿ ಬೀಳುತ್ತದೆ, ಅದಕ್ಕೂ ಮುಂಚೆ ನಾಡಿ ಓಡತೊಡಗಿರುತ್ತದೆ.

ಒಂದು ಮಿ.ಲೀ.ಯಲ್ಲಿ 1 ಮಿ.ಗ್ರಾಂ ಇರುವ ಅಡ್ರಿನಲಿನ್ ಆಂಪೂಲ್‌ನಿಂದ (ಔಷಧದ ಪುಟ್ಟ ಗಾಜಿನ ಸೀಸೆ) ಮಗುವಿನ ತೂಕದ ಪ್ರತಿ ಕೆ.ಜಿ.ಗೆ 0.01 ಮಿ.ಲೀ. ಕೊಡಬೇಕು. 12 ಕೆ.ಜಿ. ಮಗುವಿಗೆ 0.12 ಮಿ.ಲೀ. ಮಕ್ಕಳಿಗೆ ಒಂದು ಸಲಕ್ಕೆ 0.3, ಬೆಳೆದ ಹದಿಹರೆಯದವರಿಗೆ 0.5 ಮಿ.ಲೀ. ಮಿತಿ. ತೂಕ ನೋಡಲು ಪುರುಸೊತ್ತಿಲ್ಲದಿದ್ದರೆ ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸುತ್ತೇನೆ. ಎಡವಟ್ಟಾಗುವುದು ಸಿರಿಂಜಿನಲ್ಲಿ: ಇನ್ಸುಲಿನ್ ಸಿರಿಂಜಿನ ಗೆರೆಗಳು ಯೂನಿಟ್ ಲೆಕ್ಕದವು, ಸೂಜಿಯೂ ಗಿಡ್ಡ, ಔಷಧ ಕೊಬ್ಬಿನಲ್ಲೇ ಉಳಿದುಬಿಡುತ್ತದೆ. ಮಿ.ಲೀ.ಯ ಸಣ್ಣ ಗೆರೆಗಳಿರುವ 1 ಮಿ.ಲೀ. ಟ್ಯೂಬರ್ಕ್ಯುಲಿನ್ ಸಿರಿಂಜಿಗೆ ಒಂದಿಂಚಿನ 23 ಗೇಜ್ ಸೂಜಿ ಹಾಕಿ, ತೊಡೆಯ ನಡುಭಾಗದಲ್ಲಿ ಹೊರಮಗ್ಗುಲ ಸ್ನಾಯುವಿಗೆ ನೇರವಾಗಿ ಚುಚ್ಚಬೇಕು. ಈ ಆಂಪೂಲನ್ನು ಹಾಗೇ ರಕ್ತನಾಳಕ್ಕೆ ಕೊಟ್ಟರೆ ಹೃದಯದ ಬಡಿತವೇ ತಪ್ಪೀತು.

ಮಗು ಮಲಗಿರಲಿ, ಕಾಲು ಎತ್ತರಕ್ಕಿರಲಿ. ಏದುಸಿರಿದ್ದರೆ ಕೂರಿಸಬಹುದು, ಎತ್ತಿ ನಿಲ್ಲಿಸುವುದು ಮಾತ್ರ ಬೇಡ. ಆಕ್ಸಿಜನ್ ಹಾಕಿ, ರಕ್ತಸಂಚಾರ ಸೊರಗಿದ್ದರೆ ಕೆ.ಜಿ.ಗೆ 10ರಿಂದ 20 ಮಿ.ಲೀ. ಸಲೈನ್ ಬೇಗ ಹರಿಸುತ್ತೇವೆ. ಎದೆ ಗುಯ್‌ಗುಟ್ಟುತ್ತಿದ್ದರೆ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ನೆಬ್ಯುಲೈಸೇಶನ್ (ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವುದು), ಅದೂ ಅಡ್ರಿನಲಿನ್ ಕೊಟ್ಟ ಮೇಲೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಅದೇ ಡೋಸ್ ಮತ್ತೊಮ್ಮೆ. ಎರಡಕ್ಕೂ ಬಗ್ಗದಿದ್ದರೆ ಅಡ್ರಿನಲಿನ್ ಇನ್ಫ್ಯೂಶನ್ (ತಿಳಿಗೊಳಿಸಿ ರಕ್ತನಾಳಕ್ಕೆ ನಿಧಾನವಾಗಿ ಹರಿಸುವುದು), ಐಸಿಯು.

ಸಾಮಾನ್ಯವಾಗಿ ತುರ್ತು ಔಷಧದ ಟ್ರೇಯಲ್ಲಿ ಕೈಗೆ ಮೊದಲು ಸಿಗುವುದು ಅಲರ್ಜಿಯ ಔಷಧ ಅವಿಲ್ ಮತ್ತು ಸ್ಟಿರಾಯ್ಡ್ ಆದ ಹೈಡ್ರೊಕಾರ್ಟಿಸೋನ್. ಅವಿಲ್ ತುರಿಕೆ ತಗ್ಗಿಸೀತು, ಗಂಟಲಿನ ಬಾವು ಇಳಿಸದು, ಬಿಪಿ ಏರಿಸದು. ಮೇಲಾಗಿ ಅದು ನಿದ್ದೆ ಬರಿಸುತ್ತದೆ. ಮಗುವಿನ ಮಂಕು ಶಾಕ್‌ನದೋ (ರಕ್ತಸಂಚಾರದ ಕುಸಿತ) ಔಷಧದ್ದೋ ತಿಳಿಯದಂತಾಗುತ್ತದೆ. ಸ್ಟಿರಾಯ್ಡ್ ಕೆಲಸಕ್ಕೆ ಗಂಟೆಗಟ್ಟಲೆ ಬೇಕು. ಹಾಗಾಗಿ ನಮ್ಮ ಟ್ರೇಯಲ್ಲಿ ಅಡ್ರಿನಲಿನ್, ಸಿರಿಂಜ್, ತೂಕವಾರು ಡೋಸ್ ಚೀಟಿ ಒಂದೇ ಡಬ್ಬದಲ್ಲಿ ಇರುತ್ತವೆ.

ಚೇತರಿಸಿಕೊಂಡ ಮಗುವನ್ನೂ ಕನಿಷ್ಠ ಆರು ಗಂಟೆ ಕಳಿಸುವುದಿಲ್ಲ, ರಿಯಾಕ್ಷನ್ ಎರಡನೇ ಸಲ ಮರುಕಳಿಸಬಹುದು. ಎರಡು ಡೋಸ್ ಬೇಕಾದವರು, ಆಸ್ತಮಾ ಇರುವವರು, ದೂರದ ಊರಿನವರು ರಾತ್ರಿ ಇಲ್ಲೇ ಉಳಿಯಲಿ. ಔಷಧದಿಂದಲೇ ರಿಯಾಕ್ಷನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಆ ಔಷಧದ ಬ್ರ್ಯಾಂಡ್ ಹೆಸರಷ್ಟೇ ಸಾಲದು, ಮೂಲ ಹೆಸರನ್ನೂ ದೊಡ್ಡದಾಗಿ ಬರೆದುಕೊಡುತ್ತೇವೆ. ಇಲ್ಲದಿದ್ದರೆ ಅದೇ ಔಷಧ ಬೇರೊಂದು ಲೇಬಲ್ ಹೊತ್ತು ಮತ್ತೆ ಮಗುವಿನ ಮೈ ಸೇರುತ್ತದೆ.