ಪರಿಸರ ಒಪ್ಪಂದಕ್ಕೂ ಬೇರೆ ಕಾನೂನಿಗೂ ಜಟಾಪಟಿ ಬಿದ್ರೆ ಯಾವ್ದು ನಡಿಯತ್ತೆ ಅಂತ ನೋಡೋದು ಹೇಗೆ

ಒಂದೇ ವಿಷಯಕ್ಕೆ ಪರಿಸರ ಒಪ್ಪಂದಾನೂ ಇದೆ, ಡಬ್ಲ್ಯೂಟಿಒ (ವಿಶ್ವ ವ್ಯಾಪಾರ ಸಂಸ್ಥೆ) ರೂಲ್ಸೂ ಇದೆ, ಸಮುದ್ರ ಕಾನೂನೂ ಇದೆ ಅಂದಾಗ ಎಲ್ರೂ ಮೊದ್ಲು ಕೇಳೋದು "ಇದ್ರಲ್ಲಿ ಯಾವ್ದು ದೊಡ್ಡದು?" ಅಂತ. ಆ ಪ್ರಶ್ನೆ ಬಿಟ್ಬಿಡಿ. ದೇಶದೊಳಗೆ ಸಂವಿಧಾನ ಮೇಲೆ, ಕಾಯ್ದೆ ಕೆಳಗೆ ಅಂತ ಇರತ್ತಲ್ಲ, ಅಂತಾರಾಷ್ಟ್ರೀಯ ಕಾನೂನಲ್ಲಿ ಆ ಥರ ಏಣಿ ಹೆಚ್ಚುಕಮ್ಮಿ ಇಲ್ಲ, ನರಮೇಧ ನಿಷೇಧದಂಥ ಕೆಲವೇ ನಿಯಮ ಬಿಟ್ರೆ.

ಮೊದ್ಲು ಯಾರು ಪಾರ್ಟಿ, ಅಂದ್ರೆ ಯಾವ ದೇಶ ಆ ಒಪ್ಪಂದಕ್ಕೆ ಬದ್ಧ, ಅಂತ ನೋಡಿ. ವಿಶ್ವಸಂಸ್ಥೆಯ ಒಪ್ಪಂದಗಳ ವೆಬ್‌ಸೈಟಲ್ಲಿ ಅನೇಕ ಒಪ್ಪಂದಗಳಿಗೆ ದೇಶಗಳ ಪಟ್ಟಿ ಇರತ್ತೆ, ಸಹಿ ಮಾಡಿದ ತಾರೀಖು ಬೇರೆ, ಅನುಮೋದನೆ ತಾರೀಖು ಬೇರೆ, ನಿಮಗೆ ಬೇಕಾದ್ದು ಎರಡನೇದು. 2006ರಲ್ಲಿ ಕುಲಾಂತರಿ ಬೆಳೆ ಕೇಸಲ್ಲಿ ಯುರೋಪ್ ಕಾರ್ಟಜೀನಾ ಪ್ರೋಟೋಕಾಲ್ (ಕುಲಾಂತರಿ ಜೀವಿಗಳ ಸುರಕ್ಷತೆಯ ಒಪ್ಪಂದ) ಮುಂದಿಟ್ರೆ, ಡಬ್ಲ್ಯೂಟಿಒ ಪ್ಯಾನೆಲ್ ಅದನ್ನ ಲೆಕ್ಕಕ್ಕೆ ತಗೊಳ್ಳೋ ಬಾಧ್ಯತೆ ನಮಗಿಲ್ಲ ಅಂತು, ಯಾಕಂದ್ರೆ ದೂರು ಕೊಟ್ಟಿದ್ದ ಅಮೆರಿಕ, ಕೆನಡಾ, ಅರ್ಜೆಂಟೀನಾ ಮೂರೂ ಅದಕ್ಕೆ ಪಾರ್ಟಿ ಆಗಿರ್ಲಿಲ್ಲ.

ಆಮೇಲೆ ಒಪ್ಪಂದದ ಒಳಗೇ ಹುಡುಕಿ, ಬೇರೆ ಒಪ್ಪಂದಗಳ ಜೊತೆ ಸಂಬಂಧ ಹೇಗೆ ಅಂತ ಒಂದು ಕಲಂ ಸಾಮಾನ್ಯವಾಗಿ ಇರತ್ತೆ. 1992ರ ಜೀವವೈವಿಧ್ಯ ಒಪ್ಪಂದದ 22ನೇ ಕಲಂ ನೋಡಿ: ಹಳೇ ಒಪ್ಪಂದಗಳ ಹಕ್ಕು ಬಾಧ್ಯತೆಗೆ ಧಕ್ಕೆ ಇಲ್ಲ, ಆದ್ರೆ ಅವನ್ನ ಚಲಾಯಿಸೋದ್ರಿಂದ ಜೀವವೈವಿಧ್ಯಕ್ಕೆ ಗಂಭೀರ ಹಾನಿ ಆಗೋ ಹಾಗಿದ್ರೆ ಮಾತ್ರ ಕಥೆ ಬೇರೆ. ಏನೂ ಬರ್ದಿಲ್ವಾ? ಒಪ್ಪಂದಗಳನ್ನ ಹೇಗೆ ಓದ್ಬೇಕು, ಹೇಗೆ ನಡೆಸ್ಬೇಕು ಅಂತ ಹೇಳೋ 1969ರ ವಿಯೆನ್ನಾ ಒಪ್ಪಂದಕ್ಕೆ ಹೋಗಿ. ಅದರ 30ನೇ ಕಲಂ ಪ್ರಕಾರ ಇಬ್ಬರೂ ಎರಡಕ್ಕೂ ಪಾರ್ಟಿ ಆಗಿದ್ರೆ ಒಂದೇ ವಿಷಯದಲ್ಲಿ ಆಮೇಲೆ ಬಂದಿದ್ದು ನಡಿಯತ್ತೆ. 31ನೇ ಕಲಂ ಪ್ರಕಾರ ಒಂದು ಒಪ್ಪಂದ ಓದುವಾಗ ಆ ದೇಶಗಳ ನಡುವೆ ಇರೋ ಬೇರೆ ಕಾನೂನನ್ನೂ ಗಮನಿಸ್ಬೇಕು. ನನ್ನ ಪ್ರಕಾರ ಇಡೀ ವಿಷಯದ ಕೀಲಿಕೈ ಇದೇ 31.

ಅದು ಕೆಲಸ ಮಾಡೋದನ್ನ ನೋಡ್ಬೇಕಂದ್ರೆ 1998ರ ಸೀಗಡಿ-ಆಮೆ ತೀರ್ಪು ಓದಿ, ಸಾರಾಂಶ ಅಲ್ಲ, ತೀರ್ಪನ್ನೇ ಓದಿ. ಸೀಗಡಿ ಹಿಡಿಯೋ ಬಲೆಯೊಳಗೆ ಕಂಬಿಗಳ ಒಂದು ಜಾಲರಿ ಕೂರಿಸ್ತಾರೆ, ಸೀಗಡಿ ಕಂಬಿ ಸಂದಿಯಿಂದ ಒಳಗೆ ಹೋಗತ್ತೆ, ಕಡಲಾಮೆ ಜಾಲರಿಗೆ ತಾಗಿ ಪಕ್ಕದ ಕಿಂಡಿಯಿಂದ ಆಚೆ ಬರತ್ತೆ. ಇಂಥ ರಕ್ಷಣೆ ಕಡ್ಡಾಯ ಮಾಡದ ದೇಶಗಳ ಸೀಗಡಿ ಬೇಡ ಅಂತು ಅಮೆರಿಕ. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ದೂರು ಕೊಟ್ವು. 1947ರ ವ್ಯಾಪಾರ ಒಪ್ಪಂದದಲ್ಲಿ "ಬರಿದಾಗಬಹುದಾದ ನೈಸರ್ಗಿಕ ಸಂಪನ್ಮೂಲ" ಉಳಿಸೋಕೆ ಅಂತ ಇರೋ ವಿನಾಯಿತಿ ಖನಿಜಕ್ಕೆ, ಆಮೆಗಲ್ಲ ಅನ್ನೋ ವಾದ ಬಂತು. ಡಬ್ಲ್ಯೂಟಿಒ ಮೇಲ್ಮನವಿ ಪೀಠ ಒಪ್ಲಿಲ್ಲ, ಸಮುದ್ರ ಕಾನೂನು, ಜೀವವೈವಿಧ್ಯ ಒಪ್ಪಂದ, ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಒಪ್ಪಂದ) ಎಲ್ಲಾ ತೆಗೆದು ನೋಡಿ ಆಮೆಗಳೂ ಅದ್ರಲ್ಲಿ ಬರತ್ತೆ ಅಂತು. ಹಂಗಿದ್ರೂ ಅಮೆರಿಕ ಸೋಲ್ತು! ಕೆರಿಬಿಯನ್ ಕಡೆ ದೇಶಗಳಿಗೆ 3 ವರ್ಷ ಟೈಮ್ ಕೊಟ್ಟು ದೂರು ಕೊಟ್ಟ ಈ ದೇಶಗಳಿಗೆ ಬರೀ 4 ತಿಂಗಳು ಕೊಟ್ಟಿದ್ದು ತಾರತಮ್ಯ ಅಂತ. ಅದನ್ನ ಸರಿ ಮಾಡ್ಕೊಂಡ್ಮೇಲೆ 2001ರಲ್ಲಿ ಮಲೇಷ್ಯಾ ಮತ್ತೆ ಪ್ರಶ್ನೆ ಮಾಡಿದ್ರೂ ನಡೀಲಿಲ್ಲ. ಅಂದ್ರೆ ತೀರ್ಪಲ್ಲಿ ಉದ್ದೇಶ ತಪ್ಪಾ, ಜಾರಿ ಮಾಡಿದ ರೀತಿ ತಪ್ಪಾ ಅಂತ ಬೇರೆ ಬೇರೆಯಾಗಿ ಗುರುತು ಹಾಕ್ಕೊಳ್ಳಿ.

ಯಾವ ಕೋರ್ಟು ಅನ್ನೋದೂ ಮುಖ್ಯ. ಐರ್ಲೆಂಡ್ ಬ್ರಿಟನ್ನಿನ ಸೆಲ್ಲಾಫೀಲ್ಡ್ ಪರಮಾಣು ಘಟಕದ ಮೇಲೆ ಸಮುದ್ರ ಕಾನೂನಿನಡಿ ಕೇಸ್ ಹಾಕ್ತು, ಆದ್ರೆ ಆಗ ಇಬ್ಬರೂ ಯುರೋಪಿಯನ್ ಒಕ್ಕೂಟದ ಸದಸ್ಯರಾಗಿದ್ರಿಂದ 2006ರಲ್ಲಿ ಆ ಒಕ್ಕೂಟದ ನ್ಯಾಯಾಲಯ ನೀವು ನಮ್ಮ ಹತ್ರಾನೇ ಬರ್ಬೇಕಿತ್ತು ಅಂತ ಐರ್ಲೆಂಡ್ ವಿರುದ್ಧಾನೇ ತೀರ್ಪು ಕೊಡ್ತು.

ಕೊನೇದಾಗಿ ದೇಶದೊಳಗಿನ ಕಾನೂನು. ಕೆಲವು ದೇಶದಲ್ಲಿ ಒಪ್ಪಂದ ನೇರವಾಗಿ ಕೋರ್ಟಲ್ಲಿ ನಡಿಯತ್ತೆ, ಕೆಲವು ಕಡೆ ಸಂಸತ್ತು ಕಾಯ್ದೆ ಮಾಡ್ಬೇಕು. ಪರಿಸರ ಒಪ್ಪಂದದಿಂದ ದಾರಿ ಸಿಗ್ಲಿಲ್ಲ ಅಂದ್ರೆ ಮಾನವ ಹಕ್ಕಿನ ಕಡೆ ನೋಡಿ: ಅರ್ಜೆಂಡಾ ಅನ್ನೋ ಪರಿಸರ ಸಂಸ್ಥೆ ಸರ್ಕಾರದ ಮೇಲೆ ಹಾಕಿದ್ದ ಕೇಸಲ್ಲಿ 2019ರಲ್ಲಿ ನೆದರ್ಲೆಂಡ್ಸ್ ಸುಪ್ರೀಂ ಕೋರ್ಟ್ ಯುರೋಪಿನ ಮಾನವ ಹಕ್ಕು ಒಪ್ಪಂದದ 2 ಮತ್ತು 8ನೇ ಕಲಂ ಆಧಾರದ ಮೇಲೇನೇ, ಸರ್ಕಾರ 2020ರ ಕೊನೆಯೊಳಗೆ ಹಸಿರುಮನೆ ಅನಿಲ 1990ಕ್ಕಿಂತ ಕನಿಷ್ಠ 25% ಇಳಿಸ್ಬೇಕು ಅನ್ನೋ ಆದೇಶ ಎತ್ತಿ ಹಿಡೀತು.