ಬೋಳಾದ ಹೊಂಗೆಮರಕ್ಕೆ ಕೊಡಲಿಯೂ ಬೇಡ, ಬೆಂಕಿಯೂ ಬೇಡ

ಮಾಘ ಮಾಸದ ಹೊತ್ತಿಗೆ ಬೀದಿಬದಿಯ ಹೊಂಗೆಮರ ಎಲೆಯುದುರಿಸಿ ನಿಂತಾಗ, ಅದು ಒಣಗಿತೆಂದು ಭಾವಿಸಿ ಕೊಂಬೆ ಕಡಿಸಲು ಮುಂದಾಗುವವರಿದ್ದಾರೆ. ದಯವಿಟ್ಟು ಕೆಲವು ವಾರ ಕಾಯಿರಿ. ಮಣ್ಣಿನ ತೇವ ಕಡಿಮೆಯಾಗುವ ಕಾಲದಲ್ಲಿ ಎಲೆಗಳ ಸೂಕ್ಷ್ಮರಂಧ್ರಗಳಿಂದ ನೀರು ಆವಿಯಾಗಿ ಹೋಗುವುದನ್ನು ತಗ್ಗಿಸಲು ಮರ ಹಳೆಯ ಎಲೆಗಳನ್ನು ಕಳಚುತ್ತದೆ; ಕಳಚುವ ಮುನ್ನ ಅವುಗಳಲ್ಲಿರುವ ಸಾರಜನಕದ ಒಂದು ಪಾಲನ್ನು ರೆಂಬೆಗಳಿಗೆ ಹಿಂದೆಳೆದುಕೊಂಡಿರುತ್ತದೆ. ಸಂದೇಹವಿದ್ದರೆ ಎಳೆಯ ರೆಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿರಿ, ಒಳಗೆ ಹಸಿರಿದ್ದರೆ ಜೀವವಿದೆ. ಯುಗಾದಿಯ ಆಸುಪಾಸಿನಲ್ಲಿ ಮಿರುಗುವ ಚಿಗುರು ತುಂಬಿ, ಬಿಸಿಲು ಏರುವಷ್ಟರಲ್ಲಿ ದಟ್ಟ ನೆರಳು ಸಿದ್ಧವಾಗುತ್ತದೆ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸಿದ ಹಿರಿಯರ ಮಾತು ಉತ್ಪ್ರೇಕ್ಷೆಯೆಂದು ನನಗಂತೂ ಅನಿಸಿಲ್ಲ.

ಉದುರಿದ ಎಲೆಗೆ ಬೆಂಕಿ ಹಚ್ಚುವುದು ಇನ್ನೂ ದೊಡ್ಡ ತಪ್ಪು. ಅದನ್ನು ಕಾಂಡದಿಂದ ಒಂದು ಗೇಣು ಜಾಗ ಬಿಟ್ಟು, ಬುಡದ ಸುತ್ತ 3–4 ಅಂಗುಲ ದಪ್ಪಕ್ಕೆ ಹರಡಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಮಳೆ ಬಿದ್ದ ಮೇಲೆ ಅದೇ ಕೊಳೆತು ಗೊಬ್ಬರವಾಗುತ್ತದೆ. ಬುಡದವರೆಗೂ ಕಾಂಕ್ರೀಟ್ ಹಾಕಿಸಿರುವ ಕಡೆ, ಬೇರಿಗೆ ಪೆಟ್ಟಾಗದಂತೆ ಸುತ್ತಲೂ 2–3 ಅಡಿಯಷ್ಟು ಒಡೆಸಿ ಮಣ್ಣು ತೆರೆದುಕೊಳ್ಳುವಂತೆ ಮಾಡಿದ ಬಳಿಕವೇ ಎಲೆ ಹರಡಿರಿ.